ಸಪ್ತಾಪುರದಲ್ಲಿ ಎದ್ದ ಗುಡ್ಡ

ಹೋದ ಬೇಸಿಗೆಯಲ್ಲಿ ಧಾರವಾಡಕ್ಕೆ ಹೋದಾಗ ಸಪ್ತಾಪುರದ ಅಕ್ಕನ ಮನೆಯಲ್ಲಿ ಅವಳ ಮಗಳ ಪ್ರಾಜೆಕ್ಟ್ ಪುಸ್ತಕ ನೋಡಿದೆ. ಕಪ್ಪು ರಟ್ಟು, ಬಂಗಾರದ ಬಣ್ಣದ ಅಕ್ಷರ. ಒಳಗಿನ ಕೋಡ್ ಯಾರದೋ. ದುಡ್ಡು ಕೊಟ್ಟರೆ ರೆಡಿ ಸಿಗುತ್ತದೆಯಂತೆ. ಇಪ್ಪತ್ತು ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿ ಓದುವಾಗ ನಾನೂ ಹಾಗೇ ಮಾಡಿದ್ದೆ. ಕರುಳು ಚುರುಕ್ ಎಂದಿತು.

ನಾನೀಗ ಇರುವುದು ಜಿನೀವಾದಲ್ಲಿ. ಇಲ್ಲಿನ ಸರ್ನ್ ಸಂಸ್ಥೆಯಲ್ಲಿ 27 ಕಿಲೋಮೀಟರ್ ಸುತ್ತಳತೆಯ ಮಷೀನಿನಲ್ಲಿ ಅತಿ ಚಿಕ್ಕ ಕಣಗಳನ್ನು ಡಿಕ್ಕಿ ಹೊಡೆಸಿ ನೋಡುತ್ತಾರೆ. ಅಲ್ಲಿಗೆ ಪ್ರತಿ ಬೇಸಿಗೆಯಲ್ಲೂ ಎಷ್ಟೋ ದೇಶಗಳ ವಿದ್ಯಾರ್ಥಿಗಳು ಬರುತ್ತಾರೆ. ಕಂಪ್ಯೂಟಿಂಗ್ ಓದುವವರಿಗೆ ಓಪನ್‌ಲ್ಯಾಬ್ ಅಂತ 9 ವಾರದ ಕಾರ್ಯಕ್ರಮವಿದೆ. ನನಗೆ ತುಂಬಾ ಹಿಡಿಸಿದ್ದು ಆ ಹುಡುಗರಿಗೆ ಕೊಡುವ ಕೆಲಸ. ಚಿಕ್ಕದು, ಆದರೆ ನಿಜವಾದದ್ದು. ಈ ಪ್ರೋಗ್ರಾಂ ಯಾಕೆ ನಿಧಾನ ಓಡುತ್ತಿದೆ, ನೋಡು. ಅಷ್ಟೇ. ಉತ್ತರ ಗೈಡ್‌ಗೂ ಗೊತ್ತಿರುವುದಿಲ್ಲ. ಕೊನೆಗೆ ಎಲ್ಲರ ಮುಂದೆ ನಿಂತು 5 ನಿಮಿಷದಲ್ಲಿ ತಾನು ಕಂಡದ್ದನ್ನು ಹೇಳಬೇಕು.

ಇದನ್ನೆಲ್ಲ ಅಕ್ಕನ ಮಗಳಿಗೆ ಹೇಳಿದೆ. "27 ಕಿಲೋಮೀಟರಿನ ಮಷೀನ್ ನಮ್ಮಲ್ಲಿ ಎಲ್ಲೈತಿ ಮಾಮಾ?" ಅಂದಳು ಹುಡುಗಿ.

ಮಷೀನ್ ಬೇಕಿಲ್ಲ. ಸರ್ನ್‌ನಲ್ಲಿ ಈ ಡಿಕ್ಕಿಗಳನ್ನು ದಾಖಲಿಸುವ ಸಿಎಂಎಸ್ ಪ್ರಯೋಗದವರು ತಮ್ಮ ಎಷ್ಟೋ ಡೇಟಾವನ್ನು ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. 2012ರ ಒಂದು ಫೈಲ್ ಸುಮಾರು 2 ಜಿಬಿ. ಅದರಲ್ಲಿ 6 ಕೋಟಿಗೂ ಜಾಸ್ತಿ ಡಿಕ್ಕಿಗಳಲ್ಲಿ ಕಂಡ ಮ್ಯೂಆನ್‌ಗಳ ಲೆಕ್ಕ ಇದೆ. ಮ್ಯೂಆನ್ ಅಂದರೆ ಎಲೆಕ್ಟ್ರಾನಿನಂಥದ್ದೇ, ಆದರೆ ಹೆಚ್ಚು ಭಾರದ ಕಣ. ಅವಳ ಹಳೇ ಲ್ಯಾಪ್‌ಟಾಪಿಗೇ ಇಳಿಸಿಕೊಂಡೆವು. ವಿರುದ್ಧ ಚಾರ್ಜಿನ ಎರಡು ಮ್ಯೂಆನ್‌ಗಳನ್ನು ಆರಿಸಬೇಕು. ಅವೆರಡೂ ಒಂದೇ ಕಣ ಒಡೆದು ಬಂದಿದ್ದರೆ ಆ ಕಣದ ದ್ರವ್ಯರಾಶಿ ಎಷ್ಟಿರಬೇಕು ಅಂತ ಲೆಕ್ಕ ಹಾಕಿ ಗ್ರಾಫ್ ತೆಗೆಯಬೇಕು. ಮೊದಲ ಸಲ ಗೀಟೆಲ್ಲ ಎಡಮೂಲೆಗೆ ಒತ್ತಿಕೊಂಡು ನಿಂತಿತು. ಎರಡು ದಿನ ತಲೆ ಕೆಡಿಸಿಕೊಂಡಳು. ಬಾಯಿ ತುದಿಗೆ ಬಂದರೂ ನಾನು ಹೇಳಲಿಲ್ಲ. ಮೂರನೇ ದಿನ ಗ್ರಾಫಿನ ಎರಡೂ ಕಡೆಯ ಅಳತೆಯನ್ನು ಲಾಗ್‌ಗೆ, ಅಂದರೆ ಹತ್ತು, ನೂರು, ಸಾವಿರ ಸಮದೂರದಲ್ಲಿ ಬರುವ ಅಳತೆಗೆ, ಬದಲಿಸಿ ಕೂಗಿದಳು: "ಮಾಮಾ, ಇಲ್ಲಿ ಗುಡ್ಡ ಎದ್ದೈತಿ ನೋಡು!"

ಗುಡ್ಡ ಎದ್ದ ಕಡೆ ಒಂದು ಕಣ ಇದೆ ಅಂತ ಅರ್ಥ. 91 ಜಿಇವಿ (ಕಣಗಳ ದ್ರವ್ಯರಾಶಿ ಹೇಳುವ ಮಾನ) ಹತ್ತಿರ ಝಡ್ ಬೋಸಾನ್ ಎಂಬ ಕಣ. ಎಡಕ್ಕೆ 3.1ರಲ್ಲಿ ಸೂಜಿಯಂತೆ ನಿಂತ ಜೆ-ಸೈ ಎಂಬ ಇನ್ನೊಂದು ಕಣ. ಅಕ್ಕ ಊಟಕ್ಕೆ ಎಷ್ಟು ಕರೆದರೂ ಏಳಲಿಲ್ಲ.

ಇಂಥ ಕೆಲಸ ಇಲ್ಲೂ ಕೊಡಬಹುದು. ಧಾರವಾಡದಲ್ಲಿ 2016ರಿಂದ ಐಐಟಿ ಇದೆ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ವಿಭಾಗವಿದೆ. ಹುಬ್ಬಳ್ಳಿಯ ಇಂಜಿನಿಯರಿಂಗ್ ಹುಡುಗರು ಚಿಗರಿ ಬಸ್ ಹತ್ತಿದರೆ ಧಾರವಾಡ ಎಷ್ಟು ದೂರ? ಭೌತಶಾಸ್ತ್ರದವರು ಪ್ರಶ್ನೆ ಕೊಡಲಿ, ಇವರು ಕೋಡ್ ಬರೆಯಲಿ. ಸರ್ ಒಬ್ಬರು ದಿನಕ್ಕೆ ಅರ್ಧ ಗಂಟೆ ಪಕ್ಕದಲ್ಲಿ ಕೂತು, ಉತ್ತರ ಹೇಳದೆ ಕಾಯಬೇಕು. ಅದೇ ಕಷ್ಟದ ಭಾಗ.

ಮೊನ್ನೆ ಅಕ್ಕನ ಮಗಳು ಫೋನ್ ಮಾಡಿದ್ದಳು. 9.5ರ ಹತ್ತಿರ ಒತ್ತೊತ್ತಾಗಿ ಇನ್ನೂ ಗುಡ್ಡ ಕಾಣುತ್ತಿವೆಯಂತೆ. "ಒಂದಲ್ಲ, ಒಂದಕ್ಕಿಂತ ಜಾಸ್ತಿ ಅದಾವು. ಇದನ್ನ ಇಲ್ಲೆ ಯಾರನ್ನ ಕೇಳ್ಲಿ ಮಾಮಾ?"