ಬಳಚಿಗೆ ರಜೆ ಕೊಡೋದು ಯಾವಾಗ?

ಊರು ಕುಮಟಾ ಕಡೆ, ಇರೋದು ಕೇರಳದ ಕೊಲ್ಲಂನಲ್ಲಿ. ಇಲ್ಲಿನ ಅಷ್ಟಮುಡಿ ಹಿನ್ನೀರಲ್ಲಿ ಬಳಚು (ನೀರಡಿ ಮಣ್ಣಲ್ಲಿರೋ, ತಿನ್ನೋ ಚಿಪ್ಪುಜೀವಿ) ತೆಗೆಯೋ ವ್ಯವಸ್ಥೆ ನೋಡಿದಾಗೆಲ್ಲ ನಮ್ಮ ಅಘನಾಶಿನಿ ನದಿ ಸಮುದ್ರ ಸೇರೋ ಅಳಿವೆಗೆ ಇದ್ಯಾಕೆ ಇಲ್ಲ ಅಂತ ಹೊಟ್ಟೆ ಉರಿಯುತ್ತೆ.

1991ರಲ್ಲಿ ಇಲ್ಲಿ ವರ್ಷಕ್ಕೆ 10,000 ಟನ್ ಸಿಗ್ತಿತ್ತಂತೆ, ಎರಡೇ ವರ್ಷದಲ್ಲಿ ಅರ್ಧಕ್ಕೆ ಇಳೀತು. ಆಮೇಲೆ ಸಿಎಂಎಫ್ಆರ್‌ಐ (ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳು ಹೇಳಿದ್ಮೇಲೆ ರೂಲ್ಸ್ ಬಂತು: ಮೊಟ್ಟೆ ಇಡೋ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಬಂದ್, ಬಲೆ ಕಣ್ಣು 30 ಮಿ.ಮೀ.ಗಿಂತ ಸಣ್ಣ ಇರಬಾರ್ದು. ನನಗೆ ತುಂಬ ಹಿಡಿಸಿದ್ದು 'ಕೌಂಟ್' ಲೆಕ್ಕ. ಎಕ್ಸ್‌ಪೋರ್ಟ್ ಮಾಲಲ್ಲಿ ಒಂದು ಕಿಲೋ ಮಾಂಸಕ್ಕೆ 1400 ಪೀಸ್‌ಗಿಂತ ಜಾಸ್ತಿ ಬಂತು ಅಂದ್ರೆ ಮರಿ ಬಳಚು ಸೇರಿದೆ ಅಂತ ಅರ್ಥ, ಅಂಥದ್ದನ್ನ ಕಳಿಸಂಗಿಲ್ಲ. ನೀರಲ್ಲಿ ಪೊಲೀಸ್ ನಿಲ್ಲಿಸೋದೇ ಬೇಡ, ಸಣ್ಣದಕ್ಕೆ ಗಿರಾಕಿ ಇಲ್ಲ ಅಂದ್ರೆ ತೆಗೆಯೋರು ತಾವೇ ಬಿಡ್ತಾರೆ. 2014ರಲ್ಲಿ ಎಂಎಸ್‌ಸಿ ಸರ್ಟಿಫಿಕೇಟೂ (ಸಂಪತ್ತು ಬರಿದಾಗದ ಹಾಗೆ ಮೀನುಗಾರಿಕೆ ಮಾಡೋರಿಗೆ ಸಿಗೋ ಅಂತರರಾಷ್ಟ್ರೀಯ ಮಾನ್ಯತೆ) ಬಂತು, ದೇಶದಲ್ಲೇ ಮೊದಲನೇದು. ಮುಳುಗಿ ತೆಗೆಯೋರು, ವ್ಯಾಪಾರಿಗಳು, ಇಲಾಖೆಯೋರು ಒಟ್ಟಿಗೆ ಕೂರೋ ಒಂದು ಕೌನ್ಸಿಲ್ಲೂ ಆಯ್ತು.

ಹಾಗಂತ ಇಲ್ಲಿ ಎಲ್ಲ ಸರಿ ಇದೆ ಅಂತಲ್ಲ. ಈಗ ಮತ್ತೆ ಇಳುವರಿ ಬಿದ್ದಿದೆ, ದಕ್ಷಿಣ ಅಮೆರಿಕದ ಕಡೆಯಿಂದ ಬಂದ ಒಂದು ಕಪ್ಪು ಚಿಪ್ಪಿನ ಜೀವಿ ಬಳಚಿನ ಜಾಗಾನೇ ಆವರಿಸ್ಕೊಂಡಿದೆ, ಸಿಎಂಎಫ್ಆರ್‌ಐನೋರು ಮರಿ ತಂದು ಬಿತ್ತೋ ಹಂತಕ್ಕೆ ಬಂದಿದ್ದಾರೆ. ಆದ್ರೂ ಎಷ್ಟಿತ್ತು, ಎಷ್ಟು ಹೋಯ್ತು ಅಂತ ಹೇಳೋಕೆ ವರ್ಷಗಟ್ಟಲೆಯ ಲೆಕ್ಕ ಇದೆ.

ಅಘನಾಶಿನಿಯಲ್ಲಿ ಐಐಎಸ್‌ಸಿಯೋರು 2008ರಲ್ಲಿ ಲೆಕ್ಕ ಹಾಕಿದಾಗ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪುಜೀವಿ ಸಿಗುತ್ತೆ ಅಂತ ಬಂದಿತ್ತು. ಇಳಿತದ ಹೊತ್ತಲ್ಲಿ ಸೊಂಟದ ಮಟ್ಟ ನೀರಲ್ಲಿ ನಿಂತು, ಕಾಲಲ್ಲಿ ತಡಕಿ, ಕೈ ಹಾಕಿ ಎತ್ತೋ ಹೆಂಗಸರ ದುಡಿಮೆಯೂ ಅದರಲ್ಲಿದೆ. ಜೂನ್-ಜುಲೈ ಮೀನುಗಾರಿಕೆ ಬ್ಯಾನ್ ಯಾಂತ್ರಿಕ ದೋಣಿಗಳಿಗೆ, ಬಳಚಿಗೂ ಅದಕ್ಕೂ ಸಂಬಂಧ ಇಲ್ಲ. 2024ರಲ್ಲಿ ರಾಮ್ಸಾರ್ ಪಟ್ಟಿಗೆ (ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ) ಅಘನಾಶಿನಿ ಸೇರಿದ್ದು ಖುಷಿನೇ, ಆದ್ರೆ ಬೋರ್ಡ್ ಹಾಕಿದ್ರೆ ಬಳಚು ಉಳಿಯಲ್ಲ.

ಕೇರಳದ ತಿಂಗಳನ್ನೇ ಹಂಗೇ ಕಾಪಿ ಹೊಡೀಬೇಡಿ ದಯವಿಟ್ಟು. ನಮ್ಮ ಅಳಿವೆಯಲ್ಲಿ ಮಳೆಗಾಲದ ಸಿಹಿನೀರಿನ ಲೆಕ್ಕವೇ ಬೇರೆ ಇರಬಹುದು, ಹಾಗಾಗಿ ತಿಂಗಳು ತಿಂಗಳು ಒಂದಷ್ಟು ಬಳಚು ಒಡೆದು ಮೊಟ್ಟೆ ಕಟ್ಟಿದ್ಯಾ ನೋಡ್ಬೇಕು, ನೀರಿನ ತಳದಲ್ಲಿ ಚೌಕಟ್ಟು ಇಟ್ಟು ಅದರೊಳಗೆ ದೊಡ್ಡದೆಷ್ಟು ಮರಿ ಎಷ್ಟು ಎಣಿಸ್ಬೇಕು, ಆಮೇಲೆ ರಜೆ ಯಾವಾಗ ಅಂತ ತೀರ್ಮಾನ ಮಾಡ್ಲಿ. ಆ ತೀರ್ಮಾನ ಮಾಡೋ ಮೀಟಿಂಗಲ್ಲಿ ನೀರಿಗಿಳಿಯೋ ಹೆಂಗಸರು ಇರ್ಲೇಬೇಕು, ಬಂದ್ ಇರೋ ತಿಂಗಳಿಗೆ ಅವರ ಮನೆಗೆ ದುಡ್ಡು ಎಲ್ಲಿಂದ ಬರುತ್ತೆ ಅನ್ನೋದೂ ಅವತ್ತೇ ಬರವಣಿಗೆಲಿ ಆಗ್ಬೇಕು.