ಮೀನನ್ನು ಬೇರೆ ಕಡೆ ಬಿಟ್ಟರೆ ಆಯ್ತಾ?

ಅಣೆಕಟ್ಟಿನ ಮಾತು ಬಂದು, ಅಲ್ಲಿರುವ ಮೀನುಗಳ ಗತಿ ಏನು ಅಂತ ಯಾರಾದರೂ ಕೇಳಿದರೆ ಒಂದು ರೆಡಿಮೇಡ್ ಉತ್ತರ ಸಿಗುತ್ತದೆ: ಹಿಡಿದು ಬೇರೆ ಕಡೆ ಬಿಟ್ಟರಾಯ್ತಪ್ಪ, ಅದಕ್ಕೇನಂತೆ. ಮೀನು ಸಾಗಿಸುವುದಕ್ಕೆ ನನ್ನ ವಿರೋಧ ಏನೂ ಇಲ್ಲ. ಕೆಲವು ಸಲ ಉಳಿದಿರುವುದು ಅದೊಂದೇ ದಾರಿ. ಆದರೆ ಅಷ್ಟು ಸಲೀಸಾಗಿ ಹೇಳುವವರು ಟ್ಯಾಸ್ಮೇನಿಯಾದ ಪೆಡ್ಡರ್ ಸರೋವರದ ಕಥೆ ಒಮ್ಮೆ ಕೇಳಬೇಕು.

ಟ್ಯಾಸ್ಮೇನಿಯಾ ಅಂದರೆ ಆಸ್ಟ್ರೇಲಿಯಾದ ದಕ್ಷಿಣಕ್ಕಿರುವ ದ್ವೀಪ. ಅದರ ನೈಋತ್ಯ ಮೂಲೆಯ ಬೆಟ್ಟಗಳ ನಡುವೆ ಸುಮಾರು 10 ಚದರ ಕಿಲೋಮೀಟರಿನ ಒಂದು ಸರೋವರ ಇತ್ತು. ದಡದ ತುಂಬ ತಿಳಿ ಗುಲಾಬಿ ಬಣ್ಣದ ಮರಳು. ಬೇಸಿಗೆಯಲ್ಲಿ ನೀರು ಇಳಿದಾಗ ಆ ಮರಳಿನ ಮೇಲೆ ಸಣ್ಣ ವಿಮಾನಗಳು ಬಂದು ಇಳಿಯುತ್ತಿದ್ದವು. 1955ರಲ್ಲಿ ಸರ್ಕಾರವೇ ಅದನ್ನು ನ್ಯಾಷನಲ್ ಪಾರ್ಕ್ ಮಾಡಿತು, 1967ರಲ್ಲಿ ಸರ್ಕಾರವೇ ರದ್ದು ಮಾಡಿತು. ಕರೆಂಟ್ ಬೇಕಿತ್ತು. 1972ರಲ್ಲಿ ಮೂರು ಅಣೆಕಟ್ಟುಗಳ ಹಿಂದೆ ನೀರು ತುಂಬಿ 240 ಚದರ ಕಿಲೋಮೀಟರಿನ ಜಲಾಶಯ ಆಯಿತು. ಹಳೆ ಸರೋವರ ಅದರ ಅಡಿಗೆ ಹೋಯಿತು, ಹೆಸರು ಮಾತ್ರ ಹೊಸದಕ್ಕೆ ಬಂತು. ಜನ ಸುಮ್ಮನೆ ಕೂತಿರಲಿಲ್ಲ. ಆ ಹೋರಾಟದಲ್ಲಿ ಹುಟ್ಟಿದ ಯುನೈಟೆಡ್ ಟ್ಯಾಸ್ಮೇನಿಯಾ ಗ್ರೂಪನ್ನು ಜಗತ್ತಿನ ಮೊದಲ ಹಸಿರು ಪಕ್ಷ ಅಂತಲೇ ಕರೆಯುತ್ತಾರೆ. ಆದರೂ ಸರೋವರ ಉಳಿಯಲಿಲ್ಲ.

ಆ ಸರೋವರದಲ್ಲೂ ಅದರ ಸುತ್ತಲಿನ ತೊರೆಗಳಲ್ಲೂ ಮಾತ್ರ ಇದ್ದ ಒಂದು ಮೀನು ಪೆಡ್ಡರ್ ಗ್ಯಾಲಾಕ್ಸಿಯಸ್. ಗೇಣುದ್ದವೂ ಬೆಳೆಯದ, ಮೈಮೇಲೆ ಹುರುಪೆಯೇ ಇಲ್ಲದ, ಮಚ್ಚೆ ಪಟ್ಟೆಗಳ ಸಣ್ಣ ಮೀನು. ಮಜಾ ಏನೆಂದರೆ ಜಲಾಶಯ ತುಂಬಿದ ಹೊಸದರಲ್ಲಿ ಇದಕ್ಕೆ ಏನೂ ಆಗಲಿಲ್ಲ. ಮುಳುಗಿದ ನೆಲದಲ್ಲಿ ಹುಳ ಹುಪ್ಪಟೆ ಜಾಸ್ತಿ, ಮೀನೂ ಜಾಸ್ತಿ ಆಯಿತು. ಆದರೆ ನೀರಿನ ದಾರಿ ತೆರೆದುಕೊಂಡಾಗ ಬ್ರೌನ್ ಟ್ರೌಟ್ ಒಳಗೆ ಬಂತು. ಟ್ರೌಟ್ ಟ್ಯಾಸ್ಮೇನಿಯಾದ ಮೀನಲ್ಲ, 1864ರಲ್ಲಿ ಇಂಗ್ಲೆಂಡಿನಿಂದ ಮೊಟ್ಟೆ ತರಿಸಿ ಬೆಳೆಸಿದ್ದು. ಜೊತೆಗೆ ಪಕ್ಕದ ಕಣಿವೆಯ ಇನ್ನೊಂದು ಗ್ಯಾಲಾಕ್ಸಿಯಸ್ ಜಾತಿಯೂ ಬಂತು. ಅದು ಆ ದ್ವೀಪದ್ದೇ ಮೀನು, ಆದರೆ ಈ ಸರೋವರದ್ದಲ್ಲ. ಒಂದು ತಿನ್ನುವುದಕ್ಕೆ, ಇನ್ನೊಂದು ಪೈಪೋಟಿಗೆ. ಎಪ್ಪತ್ತರ ದಶಕದಲ್ಲಿ ಅಲ್ಲಿ ಸಿಗುತ್ತಿದ್ದ ದೈತ್ಯ ಟ್ರೌಟ್ ಹಿಡಿಯಲು ಗಾಳದವರು ಮುಗಿಬಿದ್ದರು. ಎಂಬತ್ತರ ದಶಕಕ್ಕೆ ಪೆಡ್ಡರ್ ಗ್ಯಾಲಾಕ್ಸಿಯಸ್ ಹುಡುಕಿದರೂ ಸಿಗದಂತಾಯಿತು.

ಆಮೇಲೆ ಶುರುವಾಯಿತು ಸಾಗಾಟ. ವೆಸ್ಟರ್ನ್ ಆರ್ಥರ್ ಬೆಟ್ಟಸಾಲಿನ ಮೇಲೆ ಓಬೆರಾನ್ ಅನ್ನುವ ಸಣ್ಣ ಸರೋವರ ಇದೆ. ಅದರಲ್ಲಿ ಯಾವ ಮೀನೂ ಇರಲಿಲ್ಲ, ಟ್ರೌಟ್ ತಾನಾಗಿ ಹತ್ತಿ ಬರುವ ಹಾಗೂ ಇಲ್ಲ. 1991ರಿಂದ 1997ರವರೆಗೆ ಅಲ್ಲಿಗೆ ಒಯ್ದು ಬಿಟ್ಟದ್ದು ಒಟ್ಟು 34 ಮೀನು. ವರ್ಷಕ್ಕಲ್ಲ, ಅಷ್ಟೂ ವರ್ಷಗಳಲ್ಲಿ ಸೇರಿ 34. ಅಷ್ಟೇ ಸಿಕ್ಕಿದ್ದು. ಅವು ಬದುಕಿದವು, ಮೊಟ್ಟೆ ಇಟ್ಟವು, ಸರೋವರ ತುಂಬಿಕೊಂಡವು. ಎಲ್ಲ ಒಂದೇ ಕಡೆ ಇದ್ದರೆ ಅಪಾಯ ಅಂತ 2001ರಲ್ಲಿ ಸ್ಟ್ರಾತ್‌ಗಾರ್ಡನ್ ಊರಿನ ಹತ್ತಿರದ ಒಂದು ಕುಡಿಯುವ ನೀರಿನ ಕಟ್ಟೆಯಲ್ಲೂ ಬಿಟ್ಟರು. ಇವತ್ತು ಜಗತ್ತಿನಲ್ಲಿ ಈ ಮೀನು ಇರುವುದು ಈ ಎರಡು ಕಡೆ. ತನ್ನ ಹೆಸರಿನ ಸರೋವರದಲ್ಲಿ ಇಲ್ಲ.

ಇದನ್ನು ಯಶಸ್ಸು ಅನ್ನಬೇಕಾ? ನಾನಂತೂ ಅನ್ನುತ್ತೇನೆ. ಆ ಬೆಟ್ಟಕ್ಕೆ ಮೀನು ಹೊತ್ತವರಿಗೆ ದೊಡ್ಡ ನಮಸ್ಕಾರ. ಆದರೆ ಆ ಯಶಸ್ಸು ಅವರದ್ದು, ಅಣೆಕಟ್ಟು ಕಟ್ಟಿದವರದ್ದಲ್ಲ. ನೀರು ತುಂಬಿದ್ದಕ್ಕೂ ಮೊದಲ ಮೀನು ಓಬೆರಾನ್ ಸೇರಿದ್ದಕ್ಕೂ ನಡುವೆ ಹತ್ತೊಂಬತ್ತು ವರ್ಷ ಹೋಗಿತ್ತು. ಮೊದಲೇ ಎಚ್ಚೆತ್ತಿದ್ದರೆ ಸಾವಿರಗಟ್ಟಲೆ ಮೀನಿನಲ್ಲಿ ಆರಿಸಿ ಒಯ್ಯಬಹುದಿತ್ತು. ಈಗಿನ ಮೀನೆಲ್ಲ ಆ ಮೂವತ್ತನಾಲ್ಕರ ಸಂತಾನ, ಅಂದರೆ ಹತ್ತಿರದ ರಕ್ತದಲ್ಲೇ ಸಂಬಂಧ. ರೋಗ ಬಂದರೆ ತಡೆಯುವ ಶಕ್ತಿ ಎಷ್ಟಿರುತ್ತದೆ? ಇನ್ನು ಓಬೆರಾನ್‌ನಲ್ಲಿ ಮೀನು ಅಂದರೇನು ಅಂತ ಗೊತ್ತಿಲ್ಲದೆ ಇದ್ದ ಹುಳಗಳ ಪಾಡು ಕೇಳುವವರು ಯಾರು. ಅವಕ್ಕೆ ಫೋಟೋ ಹಾಕುವಷ್ಟು ಮುಖಲಕ್ಷಣ ಇಲ್ಲ ನೋಡಿ. ಪೆಡ್ಡರ್ ದಡದಲ್ಲಿ ಮಾತ್ರ ಸಿಕ್ಕಿದ್ದ ಒಂದು ಜಾತಿಯ ಎರೆಹುಳ ಹಾಗೇ ಹೋಗಿಬಿಟ್ಟಿತು. 1971ರಲ್ಲಿ ಸಿಕ್ಕಿದ್ದು ಒಂದೇ ಒಂದು, ಆಮೇಲೆ ಯಾರೂ ಕಂಡಿಲ್ಲ.

ಈ ಜಲಾಶಯವನ್ನು ಖಾಲಿ ಮಾಡಿ ಹಳೆ ಸರೋವರ ವಾಪಸ್ ಕೊಡಿ ಅಂತ ಅಲ್ಲಿ ಈಗಲೂ ಚಳವಳಿ ನಡೆಯುತ್ತಿದೆ. ಕೇಳಲು ಬಹಳ ಚೆನ್ನಾಗಿದೆ. ಆದರೆ ನೀರು ಇಳಿದ ಮಾತ್ರಕ್ಕೆ ಟ್ರೌಟ್ ಗಂಟುಮೂಟೆ ಕಟ್ಟುತ್ತದಾ? ಅದಿರುವವರೆಗೆ ಗ್ಯಾಲಾಕ್ಸಿಯಸ್‌ಗೆ ಆ ಮನೆಯೇ ಯಮನ ಮನೆ.

ಇಷ್ಟು ದೂರದ ಕಥೆ ಯಾಕೆ ಅಂದರೆ ನಮ್ಮ ಕಾವೇರಿಯ ಡುಬ್ಬದ ಮಹಶೀರ್ ಮೀನಿಗಾಗಿ. ಬೆನ್ನ ಮೇಲೆ ಡುಬ್ಬ, ಕಿತ್ತಳೆ ರೆಕ್ಕೆ, ಐವತ್ತು ಕೆಜಿ ಮುಟ್ಟುವ ದೇಹ. 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನದ್ದು ಗಾಳಕ್ಕೆ ಬಿದ್ದಿತ್ತು. ಇದು ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟು ಬೇರೆಲ್ಲೂ ಇಲ್ಲ. ಎಪ್ಪತ್ತರ ದಶಕದಿಂದ ಮಹಾರಾಷ್ಟ್ರದ ಲೋಣಾವಳದ ಹ್ಯಾಚರಿಯಲ್ಲಿ, ಅಂದರೆ ಮೀನುಮರಿ ಕೇಂದ್ರದಲ್ಲಿ, ಸಾಕಿದ ಇನ್ನೊಂದು ಜಾತಿಯಾದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ದೇಶದ ಹಲವು ನದಿಗಳಿಗೆ ಬಿಟ್ಟರು, ಕಾವೇರಿಗೂ ಬಂದವು. ಅದು ಕೃಷ್ಣಾ ಕೊಳ್ಳದ ಮೀನು. ಉದ್ದೇಶ ಸಂರಕ್ಷಣೆಯೇ, ಮಹಶೀರ್ ಕಡಿಮೆಯಾಗುತ್ತಿದೆ ಅಂತ ಮಹಶೀರ್ ಬಿಟ್ಟರು, ಯಾವ ಮಹಶೀರ್ ಅಂತ ನೋಡಲಿಲ್ಲ ಅಷ್ಟೇ. ಕಾವೇರಿ ದಡದ ಗಾಲಿಬೋರೆಯ ಗಾಳದ ಕ್ಯಾಂಪಿನ ದಾಖಲೆ ನೋಡಿದರೆ ನೀಲಿ ರೆಕ್ಕೆಯದ್ದು ಏರುತ್ತಾ, ಡುಬ್ಬದ್ದು ಇಳಿಯುತ್ತಾ ಹೋಗಿದೆ. ಇಷ್ಟು ಪ್ರಸಿದ್ಧ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಅಂಟಿದ್ದೇ 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಕೆಂಪು ಪಟ್ಟಿಗೂ ಸೇರಿತು.

ಮೇಕೆದಾಟಿನಲ್ಲಿ 67 ಟಿಎಂಸಿ ಅಣೆಕಟ್ಟಿನ ಪ್ರಸ್ತಾವ ಇರುವುದು ಇದೇ ಕಾವೇರಿಯ ಇದೇ ಭಾಗದಲ್ಲಿ. ನಾನು ಬೆಂಗಳೂರಿನಲ್ಲಿ ಕೂತು ಕಾವೇರಿ ನೀರು ಕುಡಿಯುತ್ತಲೇ ಇದನ್ನು ಬರೆಯುತ್ತಿದ್ದೇನೆ, ಹಾಗಾಗಿ ಅಣೆಕಟ್ಟು ಬೇಡವೇ ಬೇಡ ಅಂತ ಭಾಷಣ ಬಿಗಿಯುವ ಮುಖ ನನಗಿಲ್ಲ. ಆದರೆ ಮೀನನ್ನು ಸಾಗಿಸುತ್ತೇವೆ ಅನ್ನುವ ಒಂದು ಸಾಲು ಯಾವುದಾದರೂ ವರದಿಯಲ್ಲಿ ಬಂದರೆ ಅದನ್ನು ಪರಿಹಾರ ಅಂತ ಒಪ್ಪಬೇಡಿ. ಗೇಣುದ್ದವೂ ಇಲ್ಲದ ಮೀನಿಗೆ ಬೆಟ್ಟದ ಮೇಲಿನ ಖಾಲಿ ಸರೋವರ ಸಾಕಾಯಿತು. ಇದು ಹರಿಯುವ ಹೊಳೆಯಲ್ಲಿ, ಬಂಡೆಗಳ ನಡುವಿನ ಆಳದ ಮಡುಗಳಲ್ಲಿ ಬೆಳೆಯುವ, ಮೊಟ್ಟೆ ಇಡಲು ಮೇಲಕ್ಕೆ ಈಜುವ ಮೀನು. ಇದಕ್ಕೆ ಖಾಲಿ ಹೊಳೆ ಎಲ್ಲಿಂದ ತರುತ್ತಾರೆ?

ಮಾಡಲೇಬೇಕಾದ ಕೆಲಸ ಬೇರೆ ಇದೆ. ಕಾವೇರಿ ಕೊಳ್ಳದ್ದೇ ಆದ ಮೋಯಾರ್ ಹೊಳೆಯಲ್ಲಿ ಡುಬ್ಬದ ಮಹಶೀರ್ ಇನ್ನೂ ಉಳಿದಿದೆ, ಮೊದಲು ಅದನ್ನು ಕಾಯಬೇಕು. ಮರಿ ಮಾಡಿಸುವುದಾದರೆ ಆ ಮೀನಿನದ್ದೇ ಮಾಡಿಸಬೇಕು, ಅದೂ ಸಾಕಷ್ಟು ಮೀನು ಇರುವಾಗಲೇ. ಕಾವೇರಿ ಕೊಳ್ಳದ ಯಾವ ನೀರಿಗೂ ನೀಲಿ ರೆಕ್ಕೆಯ ಒಂದು ಮರಿಯೂ ಬೀಳಬಾರದು. ಇದ್ಯಾವುದಕ್ಕೂ ಅಣೆಕಟ್ಟಿನ ತೀರ್ಮಾನ ಆಗಲಿ ಅಂತ ಕಾಯಬೇಕಾಗಿಲ್ಲ.