ಮೂವತ್ತಾರು ಸೆಕೆಂಡ್ ಎಲ್ಲೋಯ್ತು?

ಮೂರು ಜನ ಒಂದು ಕಾಲ್‌ನಲ್ಲಿ ಕೂತಿದ್ವಿ, ಇಪ್ಪತ್ತೇ ನಿಮಿಷ. ತಿಂಗಳ ಕೊನೇಲಿ ಯಾರು ಎಷ್ಟು ಗಂಟೆ ಕೆಲ್ಸ ಮಾಡಿದ್ರು ಅನ್ನೋ ಟೈಮ್‌ಶೀಟ್ ರಿಪೋರ್ಟ್ ತೆಗೆದ್ರೆ ಮೂರೂ ಹೆಸರಿನ ಮುಂದೆ ಗಂಟೆ ಲೆಕ್ಕದಲ್ಲಿ 0.33, 0.33, 0.33, ಕೆಳಗೆ ಟೋಟಲ್ 1.00. ನೋಡ್ದೇ ಕಳಿಸ್ಬಿಟ್ಟೆ. ಅರ್ಧ ಗಂಟೇಲಿ ಕ್ಲೈಂಟ್ ಕಡೆ ಅಕೌಂಟ್ಸ್ ಮೇಡಂ ಫೋನು.

"ಸಾರ್, ಕೂಡಿದ್ರೆ 0.99 ಬರುತ್ತೆ, ನೀವು ಒಂದು ಅಂತ ಹಾಕಿದೀರ."

"ಮೂರು ಇಪ್ಪತ್ತು ಅರವತ್ತಲ್ವಾ ಮೇಡಂ, ಒಂದು ಗಂಟೆ ಸರಿಯಾಗೇ ಇದೆ."

"ಅದು ನಂಗೂ ಗೊತ್ತು ಸಾರ್, ಆದ್ರೆ ಕ್ಯಾಲ್ಕುಲೇಟರ್‌ಗೆ ಗೊತ್ತಿಲ್ವಲ್ಲ. ಆಡಿಟರ್ ಹತ್ರಾನೂ ಕ್ಯಾಲ್ಕುಲೇಟರೇ ಇರೋದು."

ಏನ್ ಹೇಳ್ತೀರಾ ಇದಕ್ಕೆ. ಕಮ್ಮಿ ಬಿದ್ದಿರೋ ಆ 0.01 ಗಂಟೆ ಅಂದ್ರೆ ಮೂವತ್ತಾರು ಸೆಕೆಂಡು. ಎಕ್ಸೆಲ್ ಒಳಗಡೆ 0.333333 ಅಂತ ಉದ್ದಕ್ಕೆ ಇಟ್ಕೊಂಡು ನಮಗೆ ಎರಡೇ ಅಂಕಿ ತೋರ್ಸುತ್ತೆ, ಕೂಡೋವಾಗ ಮಾತ್ರ ಬಚ್ಚಿಟ್ಟಿದ್ದನ್ನೆಲ್ಲ ಸೇರಿಸ್ಕೊಂಡು ಕೂಡುತ್ತೆ, ಆಮೇಲೆ ಸುಳ್ಳು ಹೇಳಿದೋರು ನಾವಾಗ್ತೀವಿ. ಸರಿ, ತೋರ್ಸಿದ್ದನ್ನೇ ಕೂಡಪ್ಪಾ ಅಂತ ಪ್ರತಿ ಸಾಲಿಗೂ ರೌಂಡ್ ಹಾಕಿದ್ರೆ ಇನ್ನೊಂದು ಕಡೆ ಉಬ್ಬುತ್ತೆ. ನಾನು ವಾರದಲ್ಲಿ ಐದು ದಿನ 7 ಗಂಟೆ 40 ನಿಮಿಷ ಕೆಲ್ಸ ಮಾಡ್ದೆ ಅಂತಿಟ್ಕೊಳಿ, ದಿನಕ್ಕೆ 7.67, ಐದು ಸಲ ಕೂಡಿದ್ರೆ 38.35. ನಿಜವಾದ ಲೆಕ್ಕ 38 ಗಂಟೆ 20 ನಿಮಿಷ, ಅಂದ್ರೆ 38.33. ದಿನಕ್ಕೆ 12 ಸೆಕೆಂಡಿನ ಹಾಗೆ ಸರಿಯಾಗಿ ಒಂದು ನಿಮಿಷ ನಾನು ಮಾಡದೇ ಇರೋ ಕೆಲ್ಸ ಬಿಲ್ ಆಯ್ತು! ಹೋಗ್ಲಿ, ದಶಮಾಂಶದ ಸಹವಾಸಾನೇ ಬೇಡ ಅಂತ ಗಂಟೆ-ನಿಮಿಷದಲ್ಲೇ ಕೂಡೋಕೆ ಹೋದೆ, ಇಡೀ ವಾರ ದುಡಿದಿದ್ದು 14:20 ಅಂತ ತೋರಿಸ್ತು. 24 ದಾಟಿದ ತಕ್ಷಣ ಒಂದು ದಿನ ಮುಗೀತು ಅಂತ ಮತ್ತೆ ಸೊನ್ನೆಯಿಂದ ಶುರು ಮಾಡುತ್ತಂತೆ, ಫಾರ್ಮ್ಯಾಟ್‌ನಲ್ಲಿ ಗಂಟೆಗೆ ಚೌಕದ ಬ್ರ್ಯಾಕೆಟ್ ಹಾಕಿದ್ರೆ ಮಾತ್ರ 38:20 ಬರೋದು.

ತಲೆ ಕೆಟ್ಟು ಅಜ್ಜನ ಕಾಲದ ಘಳಿಗೆ ಲೆಕ್ಕಕ್ಕೆ ಹೋದೆ. ದಿನಕ್ಕೆ 60 ಘಳಿಗೆ, ಘಳಿಗೆಗೆ 60 ವಿಘಳಿಗೆ, ಹಾಗಾಗಿ ಒಂದು ಘಳಿಗೆ ಅಂದ್ರೆ 24 ನಿಮಿಷ, ಎರಡೂವರೆ ಘಳಿಗೆ ಸೇರಿದ್ರೆ ಒಂದು ಗಂಟೆ. ನಮ್ಮ ಇಪ್ಪತ್ತು ನಿಮಿಷ ಸರಿಯಾಗಿ 50 ವಿಘಳಿಗೆ, ಚೂರೂ ಉಳಿಯಲ್ಲ. 7 ಗಂಟೆ 40 ನಿಮಿಷಾನೂ 19 ಘಳಿಗೆ 10 ವಿಘಳಿಗೆ, ಅದೂ ಪೂರ್ತಿ. ಆಹಾ, ನಮ್ಮ ಹಿರೀಕರು ಅಂತ ವಾಟ್ಸಾಪ್ ಸ್ಟೇಟಸ್ ಹಾಕೋಷ್ಟು ಖುಷಿಯಾಯ್ತು, ಅಷ್ಟರಲ್ಲಿ ಯಾವ ಬುದ್ಧಿಗೋ ಆ 50 ವಿಘಳಿಗೇನ ದಶಮಾಂಶಕ್ಕೆ ತಿರುಗಿಸಿದೆ. 0.83 ಘಳಿಗೆ. ಮೂರು ಸೇರಿಸಿದ್ರೆ 2.49. ಬರ್ಬೇಕಾಗಿದ್ದು 2.50! ಸ್ಟೇಟಸ್ ಕ್ಯಾನ್ಸಲ್.

ಅಂದ್ರೆ ತಪ್ಪು ಗಡಿಯಾರದ್ದೂ ಅಲ್ಲ, ಪಂಚಾಂಗದ್ದೂ ಅಲ್ಲ, ಅರವತ್ತಕ್ಕೂ ನೂರಕ್ಕೂ ಆಗಿಬರಲ್ಲ ಅಷ್ಟೇ. ಅರವತ್ತನ್ನ ಮೂರು ಪಾಲು ಮಾಡ್ಬಹುದು, ನೂರನ್ನ ಮಾಡಿದ್ರೆ ಒಂದು ಉಳ್ಕೊಳ್ಳುತ್ತೆ. 1957ರಲ್ಲಿ ನಯಾ ಪೈಸೆ ಬಂದಾಗ್ಲೂ ಇದೇ ಪೇಚಾಟ. ರೂಪಾಯಿಗೆ 16 ಆಣೆ ಇದ್ದಿದ್ದು 100 ಪೈಸೆ ಆಯ್ತು, ನಾಲ್ಕಾಣೆ ನೀಟಾಗಿ 25 ಪೈಸೆ, ಆದ್ರೆ ಒಂದಾಣೆ 6.25. ಆ ಕಾಲು ಪೈಸೇನ ಅಂಗಡಿಯೋನು ಎಲ್ಲಿಂದ ತಂದು ಕೊಡ್ತಾನೆ?

ಮೇಡಂಗೆ ಇದನ್ನೆಲ್ಲ ಹೇಳೋ ಧೈರ್ಯ ಬರ್ಲಿಲ್ಲ. "ರೌಂಡಿಂಗ್‌ನಿಂದ ಮೊತ್ತದಲ್ಲಿ ಸ್ವಲ್ಪ ವ್ಯತ್ಯಾಸ ಇರಬಹುದು" ಅಂತ ಕೆಳಗೊಂದು ಸಾಲು ಹಾಕ್ಲಾ ಅಂತ ಕೇಳ್ದೆ.

"ಅದೆಲ್ಲ ಯಾಕ್ ಸಾರ್, ಒಬ್ಬರದ್ದು 0.34 ಮಾಡಿ ಕಳಿಸ್ಬಿಡಿ."

ಯಾರಿಗೆ ಕೊಡೋದು ಆ ಮೂವತ್ತಾರು ಸೆಕೆಂಡು? ನಾನೇ ತಗೊಂಡ್ರೆ ಚೆನ್ನಾಗಿರಲ್ಲ. ಕಾಲ್ ಪೂರ್ತಿ ಮ್ಯೂಟ್‌ನಲ್ಲೇ ಕೂತು ಕೊನೇಲಿ "ಥ್ಯಾಂಕ್ಯೂ, ಬೈ" ಅಂದಿದ್ದ ಹೊಸ ಹುಡುಗನ ಹೆಸರಿಗೆ ಹಾಕ್ದೆ. ಐದೇ ನಿಮಿಷಕ್ಕೆ ಅಪ್ರೂವ್ ಆಗಿ ಬಂತು.